ಪುಟದಲ್ಲಿ ಐದು ಬಾಟಲಿ

ನನಗೆ ಇಪ್ಪತ್ತಮೂರು ತುಂಬುವಷ್ಟರಲ್ಲಿ ನಮ್ಮ ಕಚೇರಿಯ ಹನ್ನೊಂದು ಮಂದಿಯ ದನಿಗಳು ನನ್ನ ಗಂಟಲಲ್ಲಿ ಬಂದು ಕೂತಿದ್ದವು. ಸಾಹೇಬರ ಸಿಟ್ಟು, ಜೀಪಿನ ಡ್ರೈವರನ ಆಕಳಿಕೆ, ಮೀಟಿಂಗಿಗೆ ಬರುವ ನರ್ಸುಗಳ ಗುಸುಗುಸು, ಯಾವುದು ಬೇಕಾದರೂ ತೆಗೆಯುತ್ತಿದ್ದೆ. ತೆಲಸಂಗದ ಕಡೆಯವರು ಮಾತಾಡಿದರೆ ಒಣನೆಲದ ಹೆಂಟೆ ಒಡೆದಂತೆ ಇರಬೇಕು, ಶಿರಗುಪ್ಪಿಯವರಾದರೆ ಕಬ್ಬಿನ ಹಾಲು ಕುಡಿದು ಬಾಯಿ ಒರೆಸಿಕೊಂಡಂತೆ ಇರಬೇಕು ಎಂದೆಲ್ಲ ಲೆಕ್ಕ ಹಾಕಿಟ್ಟುಕೊಂಡಿದ್ದೆ. ನನ್ನ ಸ್ವಂತ ದನಿಯೋ, ಹಿಟ್ಟಿನ ಗಿರಣಿಯ ಸಡಿಲಾದ ಬೆಲ್ಟಿನ ದನಿ. ಅದನ್ನು ಆದಷ್ಟು ಕಡಿಮೆ ಬಳಸುತ್ತಿದ್ದೆ.

ಕೆಲಸ, ತಾಲೂಕು ಆರೋಗ್ಯ ಕಚೇರಿಯಲ್ಲಿ ಡಾಟಾ ಎಂಟ್ರಿ. ಗುತ್ತಿಗೆ ಮೇಲೆ. ಯಾವ ತಾಲೂಕು ಎಂದು ಹೇಳುವುದಿಲ್ಲ. ಚಿಕ್ಕೋಡಿಯವರು ಇದು ಅಥಣಿಯದ್ದೇ ಎನ್ನಲಿ, ಅಥಣಿಯವರು ರಾಯಬಾಗದ್ದು ಎನ್ನಲಿ. ನಿಪ್ಪಾಣಿ, ಕಾಗವಾಡದವರು ಆಗ ನಾವಿನ್ನೂ ತಾಲೂಕೇ ಆಗಿರಲಿಲ್ಲ ಎಂದು ತಪ್ಪಿಸಿಕೊಳ್ಳಲಿ. ತಪ್ಪು ನನ್ನದು, ಊರಿನದಲ್ಲ.

ಪ್ರತಿ ತಿಂಗಳ ಕೊನೆಗೆ ತಾಲೂಕಿನ ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ ಒಂದೊಂದು ಚೀಟಿ ಬರುತ್ತಿತ್ತು. ಯಾವ ಔಷಧ ಎಷ್ಟು ಉಳಿದಿದೆ ಎಂಬ ಚೀಟಿ. ಅದನ್ನು ನೋಡಿಕೊಂಡು ನಾನು ಇಲಾಖೆಯ ವೆಬ್‌ಸೈಟಿಗೆ ತುಂಬಬೇಕು. ವೆಬ್‌ಸೈಟಿನಲ್ಲಿ ಎರಡು ಬಾಗಿಲು. ಒಂದರಿಂದ ಪಾಸ್‌ವರ್ಡ್ ಹಾಕಿ ನಾವು ಒಳಗೆ ಹೋಗುವುದು. ಇನ್ನೊಂದು, ಪಾಸ್‌ವರ್ಡ್ ಬೇಡದ ಪುಟ. ಅದರ ನೆತ್ತಿಯ ಮೇಲೆ ‘ಸಾರ್ವಜನಿಕರ ಮಾಹಿತಿಗಾಗಿ’ ಎಂದು ನೀಲಿ ಅಕ್ಷರದಲ್ಲಿ ಬರೆದಿತ್ತು. ಆ ಪುಟವನ್ನು ಸಾರ್ವಜನಿಕರಲ್ಲಿ ಒಬ್ಬನಾದರೂ ತೆರೆದು ನೋಡಿಯಾನು ಎಂದು ನಮ್ಮ ಕಚೇರಿಯಲ್ಲಿ ಯಾರೂ ಅಂದುಕೊಂಡಿರಲಿಲ್ಲ. ನಾನೂ ಅಂದುಕೊಂಡಿರಲಿಲ್ಲ. ನಾವು ಅಂಕಿ ಬರೆಯುತ್ತಿದ್ದದ್ದು ಮೇಲಿನವರಿಗೆ. ಮೇಲಿನವರು ಅವರ ಮೇಲಿನವರಿಗೆ.

ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ನಾನು ಎರಡು ಕಡೆ ಸೊನ್ನೆ ತುಂಬಿದೆ. ಚೀಟಿಯಲ್ಲಿ ‘ಇಲ್ಲ’ ಎಂದಿತ್ತು, ನಾನು ಸೊನ್ನೆ ಒತ್ತಿದೆ. ಒತ್ತಿದ್ದೇ ತಡ, ಆ ಸಾಲು ಕೆಂಪಾಯಿತು. ಹತ್ತು ನಿಮಿಷದಲ್ಲಿ ಜಿಲ್ಲಾ ಕಚೇರಿಯಿಂದ ಫೋನು. ಯಾಕೆ ಮುಗಿಯಿತು, ಯಾವಾಗ ಮುಗಿಯಿತು, ಮುಗಿಯುವ ಮುಂಚೆ ಯಾಕೆ ತಿಳಿಸಲಿಲ್ಲ, ಮೂರು ಪ್ರತಿಯಲ್ಲಿ ವಿವರಣೆ ಕಳಿಸಿ. ಆ ವಿವರಣೆ ಬರೆಯುವುದು ನಮ್ಮ ಹಿರಿಯ ಗುಮಾಸ್ತರ ಪಾಲು. ಅವರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಕಾಕಾ ಮೂರನೇ ಪ್ರತಿಗೆ ಸಹಿ ಹಾಕಿ, ಪೆನ್ನಿಗೆ ಟೊಪ್ಪಿಗೆ ಹಾಕಿ, ನನ್ನ ಹತ್ತಿರ ಕುರ್ಚಿ ಎಳೆದುಕೊಂಡರು.

“ತಮ್ಮಾ, ನಿಂಗ ಸೊನ್ನಿ ಅಂದ್ರ ಬಾಳ ಪ್ರೀತಿ ಏನ್?”

“ಚೀಟಿನ್ಯಾಗ ಇಲ್ಲ ಅಂತ ಐತ್ರಿ ಕಾಕಾ.”

“ಇಲ್ಲ ಅಂತ ಇದ್ರ ಇಲ್ಲ ಅಂತ ಬರಿಯೂದಲ್ಲೋ ಹುಚ್ಚಾ. ಐದ ಹಾಕು. ಐದಿದ್ರ ಸಾಲು ಕೆಂಪ ಆಗೂದಿಲ್ಲ, ಫೋನ್ ಬರೂದಿಲ್ಲ. ಮಾಲು ಹೆಂಗಿದ್ರೂ ಇಂದಿಲ್ಲ ನಾಳಿ ಬಂದ ಬರ್ತೈತಿ. ಬಂದಮ್ಯಾಲ ಬರೋಬರ್ ಮಾಡಿದ್ರಾತು.”

ಹೀಗೆ ನಮ್ಮಲ್ಲಿ ‘ಇಲ್ಲ’ ಎಂಬುದಕ್ಕೆ ‘ಐದು’ ಎನ್ನುವುದು ರೂಢಿ. ಇದನ್ನು ನನಗಿಂತ ಮುಂಚೆ ಇದ್ದ ಹುಡುಗನೂ ಮಾಡುತ್ತಿದ್ದ. ಯಾರಿಗೂ ಇದು ಸುಳ್ಳು ಅನ್ನಿಸಿರಲಿಲ್ಲ. ಮನೆಗೆ ಬಂದವರಿಗೆ ಊಟ ಆಯ್ತೇನ್ರಿ ಎಂದು ಕೇಳಿದರೆ, ಆಗದಿದ್ದರೂ ಆಗೇತ್ರಿ ಎನ್ನುತ್ತಾರಲ್ಲ, ಹಾಗೆ. ನಾನು ಎರಡು ವರ್ಷ ಈ ಐದನ್ನು ತುಂಬಿದೆ. ಒತ್ತುವಾಗ ಕಾಕಾನ ದನಿ ತೆಗೆದು “ಐದ ಹಾಕೋ ಹುಚ್ಚಾ” ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಕಾಕಾ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದರು.

ರಾಜ್ಯದ ಗಡಿಗೆ ಹತ್ತಿದ ಒಂದು ಊರಿನ ಕೇಂದ್ರದ ಕಂಪೌಂಡರು ನನಗೆ ಬಲು ಇಷ್ಟದ ದನಿ. ದವಾಖಾನೆಯ ಕಾಗದದಲ್ಲಿ ಅವರು ಫಾರ್ಮಾಸಿಸ್ಟ್, ಊರ ಬಾಯಲ್ಲಿ ಕಂಪೌಂಡರ್ ಕಾಕಾ. ನಿಪ್ಪಾಣಿ ಕಡೆಯವರು, ಅರ್ಧ ಮರಾಠಿ. ಮಾತು ಶುರು ಮಾಡುವ ಮುಂಚೆ ಗಂಟಲೊಳಗೆ ಒಂದು ‘ಹ್ಹೂಂ’ ಉರುಳಿಸಿ, ‘ಬರೋಬರ್’ ಎಂದು ಬಾಗಿಲು ತೆಗೆದು ಆಮೇಲೆ ಒಳಗಿನ ಮಾತು. ಅವರ ಕೇಂದ್ರದಲ್ಲಿ ನಾಯಿ ಕಡಿತದ ಲಸಿಕೆ ಮೂರು ತಿಂಗಳಿಂದ ಇರಲಿಲ್ಲ. ಮೂರು ಚೀಟಿಯಲ್ಲೂ ಅವರು ‘ಇಲ್ಲ’ ಎಂದು ಬರೆದು, ಕೆಳಗೆ ಗೆರೆ ಎಳೆದು, ‘ಜರೂರ್ ಬೇಕು’ ಎಂದು ಸೇರಿಸಿದ್ದರು. ನಾನು ಮೂರು ಸಲವೂ ಐದು ತುಂಬಿದ್ದೆ.

ಒಂದು ಮೀಟಿಂಗಿನ ದಿನ ಆ ಕಂಪೌಂಡರು ಬಂದಿದ್ದರು. ನಾಲ್ಕು ಗಂಟೆಯ ಬಸ್ಸು ಹಿಡಿಯಲು ಹೊರಟುಹೋದರು. ನಾಲ್ಕೂವರೆಗೆ ಜಿಲ್ಲಾ ಕಚೇರಿಯ ಔಷಧ ವಿಭಾಗದ ಮೇಡಂ ಫೋನು ಮಾಡಿದರು.

“ಆ ಸೆಂಟರಿನ್ಯಾಗ ನಾಯಿ ಇಂಜೆಕ್ಷನ್ ಮೂರ ತಿಂಗಳಿಂದ ಐದಕ್ಕ ನಿಂತಾವಲ್ಲ? ಒಂದೂ ಖರ್ಚಾಗಿಲ್ಲ? ಖರೇನ ಅದಾವೇನು? ಕಂಪೌಂಡರ್ ಮೀಟಿಂಗಿಗಿ ಬಂದಾರಂತ, ಕೊಡ್ರಿ ಅವ್ರಿಗೆ.”

ಹೋಗ್ಯಾರ್ರಿ ಮೇಡಂ ಎಂದರೆ ಮುಗಿಯುತ್ತಿತ್ತು. ಎರಡೇ ಶಬ್ದ. ಆದರೆ ಅಷ್ಟೊತ್ತಿಗೆ ಕಚೇರಿಯ ನಾಲ್ಕು ಮಂದಿ ನನ್ನ ಮುಖವನ್ನೇ ನೋಡುತ್ತಿದ್ದರು. ನೋಡುವವರು ಇದ್ದರೆ ನನಗೆ ಬುದ್ಧಿ ಕೆಲಸ ಮಾಡುತ್ತಿರಲಿಲ್ಲ. “ಕೊಡ್ತೀನ್ರಿ” ಎಂದೆ. ರಿಸೀವರನ್ನು ಮೇಜಿನ ಮೇಲಿಟ್ಟು, ಕುರ್ಚಿ ಕರಕರ ಎಳೆದು, ಯಾರೋ ಬಂದು ಕೂತ ಸದ್ದು ಮಾಡಿ, ಎತ್ತಿಕೊಂಡೆ.

“ಹ್ಹೂಂ... ಬರೋಬರ್ ಅದಾವ್ರಿ ಮೇಡಂ. ಐದಕ್ಕ ಐದೂ ಫ್ರಿಜ್‌ನ್ಯಾಗ ಅದಾವ. ಏನ್ ಮಾಡೂದ್ರಿ, ನಮ್ಮೂರ ನಾಯಿ ಬಾಳ ಸಭ್ಯ ಅದಾವ.”

ಮೇಡಂ ಕೂಡ ನಕ್ಕರು. “ಆತ್ರಿ, ನಿಮ್ಮ ಹೇಳಿಕಿ ಬರ್ಕೊಂಡೇನಿ” ಎಂದು ಇಟ್ಟರು. ನಮ್ಮ ಕೋಣೆಯಲ್ಲಿ ಒಬ್ಬ ಮೇಜು ಬಡಿದ, ಇನ್ನೊಬ್ಬ ನೆಲಕ್ಕೆ ಕೂತ. ಕಾಕಾ ಕಣ್ಣು ಒರೆಸಿಕೊಳ್ಳುತ್ತ ನನಗೆ ಚಹಾ ತರಿಸಿದರು. ಆ ಚಹಾ ಕುಡಿದದ್ದು ಈಗಲೂ ನೆನಪಿದೆ. ಶುಂಠಿ ಹೆಚ್ಚಾಗಿತ್ತು.

ಅದಾಗಿ ಹನ್ನೆರಡನೆಯ ದಿನ, ಸೋಮವಾರ, ಮಧ್ಯಾಹ್ನದ ಊಟದ ಹೊತ್ತಿಗೆ ಖಾಕಿ ಬಟ್ಟೆಯ ಒಬ್ಬ ಕಂಡಕ್ಟರ್ ಬಾಗಿಲಲ್ಲಿ ನಿಂತಿದ್ದ. ಸರ್ಕಾರಿ ಬಸ್ಸಿನ ಕಂಡಕ್ಟರ್. ನಲವತ್ತರ ಒಳಗಿನ ವಯಸ್ಸು, ಜೇಬಿನಲ್ಲಿ ಎರಡು ಪೆನ್ನು, ನೀಟಾಗಿ ಬಾಚಿದ ತಲೆ. ಕೈ ಹಿಡಿದುಕೊಂಡು ಎಂಟೊಂಬತ್ತು ವರ್ಷದ ಮಗಳು. ಹುಡುಗಿಯ ಬಲ ಮುಂಗೈಗೆ ಬಿಳಿ ಬಟ್ಟೆ ಸುತ್ತಿತ್ತು.

“ಇಲ್ಲಿ ಕಂಪ್ಯೂಟರ್‌ನ್ಯಾಗ ಔಷಧದ ಅಂಕಿ ತುಂಬಾವ್ರು ಯಾರ್ರಿ?”

ನಾನು ಎದ್ದು ನಿಂತೆ. ಅವನು ತನ್ನ ಫೋನನ್ನು ನನ್ನ ಕಣ್ಣ ಮುಂದೆ ಹಿಡಿದ. ಚಿಕ್ಕ ಪರದೆ, ಅದರಲ್ಲಿ ನಮ್ಮ ಪುಟ. ನೀಲಿ ಅಕ್ಷರ. ಆ ಊರಿನ ಹೆಸರು, ಪಕ್ಕದಲ್ಲಿ ಐದು. ನಾನು ತುಂಬಿದ ಒಂದು ಅಂಕಿಯನ್ನು ಹೊರಗಿನವರೊಬ್ಬರ ಕೈಯಲ್ಲಿ ಕಂಡದ್ದು ಅದೇ ಮೊದಲು.

“ಶನಿವಾರ ಮಧ್ಯಾನ ಕಡದೈತ್ರಿ,” ಅಂದ. ಸಿಟ್ಟಿನ ದನಿಯಲ್ಲ, ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುವವನ ಸಮಾಧಾನ. “ಕಬ್ಬ ಕಡಿಯವ್ರ ಗುಡಿಸಲ ಕಡಿಂದ ಬಂದಿದ್ದ ನಾಯಿ. ಇಕಿಗಿ ಕಡದು, ಒಂದ ಕರಕ್ಕೂ ಕಡದು, ಅವತ್ತ ಸಂಜಿಕ ಆ ನಾಯಿ ಸತ್ತೈತಿ. ಸಾಬಾಣ ಹಚ್ಚಿ ತೊಳದೀವಿ. ನಮ್ಮ ಅತ್ತಿ ಮಿರಜೇಲಾ ನ್ಯಾ ತಿಲಾ, ಆತ್ತಾಚ್ ನ್ಯಾ ಅಂತ ಮರಾಠಿನ್ಯಾಗ ಕೂಗಿದ್ಳು, ಈಗಿಂದೀಗ ಮಿರಜಿಗಿ ಒಯ್ಯಿ ಅಂತ. ನಾ ದಿನಾ ಶಿರಗುಪ್ಪಿ ಮ್ಯಾಲೆ ಮಿರಜಿಗಿ ಟಿಕೀಟ್ ಹರೀತೀನ್ರಿ, ನನಗ ಮಿರಜ್ ಗೊತ್ತಿಲ್ಲೇನು? ನಾನಽ ಬ್ಯಾಡ ಅಂದೆ. ಈ ಫೋನ್ ತಗದು ಮನಿ ಮಂದಿಗೆಲ್ಲಾ ತೋರಿಸಿದೆ. ನೋಡ್ರಿ, ನಮ್ಮೂರ ದವಾಖಾನಿನ್ಯಾಗ ಐದ ಅದಾವ, ಸರ್ಕಾರನಽ ಬರದೈತಿ, ಗಡಿ ಯಾಕ ದಾಟಬೇಕು ಅಂದೆ.”

ಶನಿವಾರ ಸಂಜೆ ದವಾಖಾನೆಗೆ ಹೋದಾಗ ಕಂಪೌಂಡರು ರಜೆಯಲ್ಲಿದ್ದರು, ಫ್ರಿಜ್ಜಿನ ಬೀಗದ ಕೈ ಅವರ ಹತ್ತಿರ. ಹೊಸದಾಗಿ ಬಂದಿದ್ದ ನರ್ಸು ಸೋಮವಾರ ಬಾ ಎಂದಳು. ಪುಟದಲ್ಲಿ ಐದು ಇದೆ ಎಂಬ ಧೈರ್ಯಕ್ಕೆ ಅವನು ಭಾನುವಾರ ಡ್ಯೂಟಿಗೂ ಹೋದ. ಸೋಮವಾರ ಬೆಳಿಗ್ಗೆ ಕಂಪೌಂಡರು ಫ್ರಿಜ್ ತೆರೆದು ಖಾಲಿ ಗೂಡು ತೋರಿಸಿದರು. ಆಗ ಮಿರಜಿಗೆ ಹೋಗುವ ಇನ್ನೊಬ್ಬ ಕಂಡಕ್ಟರಿಗೆ ಫೋನು ಮಾಡಿ ಅಲ್ಲಿಯ ಔಷಧ ಅಂಗಡಿಗಳಲ್ಲಿ ಕೇಳಿಸಿದ. ಆ ದಿನಗಳಲ್ಲಿ ಎಲ್ಲ ಕಡೆ ಅದಕ್ಕೆ ಎಳೆದಾಟವಿತ್ತು. ಶನಿವಾರ ಎರಡಿದ್ದವು, ಭಾನುವಾರ ಮಾರಿಹೋದವು ಎಂದರಂತೆ.

“ಅಪ್ಪಾ, ಇಂಜೆಕ್ಷನ್ ಇಲ್ಲಂದ್ರ ಮನಿಗಿ ಹೋಗೂಣಲ್ಲ?” ಎಂದಳು ಹುಡುಗಿ. ಅವಳ ಮಟ್ಟಿಗೆ ಅದು ಒಳ್ಳೆಯ ಸುದ್ದಿ.

ಅವನು ಅವಳ ತಲೆ ನೇವರಿಸಿ ನನ್ನನ್ನೇ ನೋಡಿದ. ಹುಚ್ಚುನಾಯಿಯ ರೋಗ ಒಮ್ಮೆ ಕಾಣಿಸಿಕೊಂಡರೆ ಮದ್ದಿಲ್ಲ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಆ ರೋಗದ ಭಿತ್ತಿಪತ್ರ ನನ್ನ ಬೆನ್ನ ಹಿಂದಿನ ಗೋಡೆಗೇ ಅಂಟಿತ್ತು. ಹುಡುಗಿ ಅದನ್ನು ಅಕ್ಷರ ಕೂಡಿಸಿ ಓದತೊಡಗಿದಳು. ಅವನು ಅವಳನ್ನು ಮೆಲ್ಲಗೆ ಇನ್ನೊಂದು ಕಡೆ ತಿರುಗಿಸಿದ.

ಸಾಹೇಬರು ಊಟದ ಡಬ್ಬಿ ಮುಚ್ಚಿಟ್ಟು ಬಂದರು. ನಮ್ಮ ಕಚೇರಿಯ ಪಕ್ಕದಲ್ಲೇ ಇದ್ದ ತಾಲೂಕಾ ಆಸ್ಪತ್ರೆಗೆ ಕೇಳಿದರು, ಅಲ್ಲೂ ಮುಗಿದಿತ್ತು. ಜಿಲ್ಲಾ ಕಚೇರಿಗೆ ಹಚ್ಚಿ ಸ್ಪೀಕರ್ ಒತ್ತಿದರು. ಮೇಡಂ ಕಡತ ತಿರುವುವ ಸದ್ದು ಕೇಳುತ್ತಿತ್ತು.

“ಸರ್, ನಮ್ಮ ಹತ್ರ ಒಟ್ಟ ಹನ್ನೆರಡ ಬಾಟಲಿ ಉಳದಾವ. ಗಾಡಿ ಮೂರಕ್ಕ ಬಿಡ್ತೈತಿ. ಸೊನ್ನಿ ಇದ್ದ ಸೆಂಟರಿಗಷ್ಟ ಕೊಡಬೇಕು ಅಂತ ಆರ್ಡರ್ ಆಗೇತಿ. ನಿಮಗ ಐದ ಅದಾವಲ್ಲ?”

“ಇಲ್ಲ ಮೇಡಂ, ಫ್ರಿಜ್ ಖಾಲಿ ಐತಿ.”

“ಹಂಗಂದ್ರ ಐದು ಎಲ್ಲಿ ಹೋದ್ವು? ವೆಬ್‌ಸೈಟ್ ಬಿಡ್ರಿ, ಕಂಪೌಂಡರ್ ಸ್ವತಃ ಫೋನಿನ್ಯಾಗ ಹೇಳ್ಯಾರ, ನಾ ತಾರೀಖ ಹಾಕಿ ಬರ್ಕೊಂಡೇನಿ. ಹೊರಗ ಮಾರ್ಕೊಂಡಿರಬೇಕು. ಮೊದಲ ಅವ್ರಿಗೆ ನೋಟಿಸ್ ಕೊಡ್ರಿ. ಉತ್ತರ ಬರ್ಲಿ, ಆಮ್ಯಾಲ ನೋಡೂಣು.”

ಗೋಡೆಯ ಗಡಿಯಾರದಲ್ಲಿ ಎರಡಕ್ಕೆ ಹತ್ತು ನಿಮಿಷ ಬಾಕಿ. ನಾನು ಕಾಕಾನ ಕಡೆ ನೋಡಿದೆ. ಕಾಕಾ ಪೆನ್ನಿನ ಟೊಪ್ಪಿಗೆ ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದರು. ಅವರ ನಿವೃತ್ತಿಗೆ ಏಳು ತಿಂಗಳಿತ್ತು. ಅವರು ಬಾಯಿ ತೆರೆಯುವುದಿಲ್ಲ ಎಂದು ಗೊತ್ತಾಯಿತು. ಅವರು ತೆರೆದರೂ ಉಪಯೋಗವಿರಲಿಲ್ಲ. ಐದು ಹಾಕು ಎಂದದ್ದು ಅವರು, ನಿಜ. ಆ ಫೋನಿನಲ್ಲಿ ಮಾತಾಡಿದ್ದು ನಾನು.

“ಸಾಹೇಬ್ರ,” ಎಂದೆ. “ಅವತ್ತ ಫೋನಿನ್ಯಾಗ ಮಾತಾಡಿದ್ದು ಕಂಪೌಂಡರ್ ಅಲ್ರಿ. ನಾನು.”

ಸಾಹೇಬರಿಗೆ ಅರ್ಥವಾಗಲಿಲ್ಲ. ಸ್ಪೀಕರಿನಲ್ಲಿ ಮೇಡಂ, “ಯಾರ್ರಿ ಅದು?” ಎಂದರು. ನಾನು ನನ್ನ ಹೆಸರು, ಹುದ್ದೆ ಹೇಳಿ, ಮತ್ತೊಮ್ಮೆ ಹೇಳಿದೆ. ಅವರು ನಂಬಲಿಲ್ಲ.

“ಅವ್ರನ್ನ ಉಳಸಾಕ ಹೇಳಾಕತ್ತೀ ಹೌದಲ್ಲ? ಆರ ವರ್ಷದಿಂದ ಅವ್ರ ದನಿ ಕೇಳಾಕತ್ತೇನಿ ನಾನು. ನನಗ ಗೊತ್ತಾಗೂದಿಲ್ಲೇನು?”

ಬೇರೆ ದಾರಿ ಇರಲಿಲ್ಲ. ಆ ದನಿಯನ್ನು ತೆಗೆದೇ ತೋರಿಸಬೇಕಿತ್ತು. ಊರಿನ ಮದುವೆಯಲ್ಲಿ, ಗಣೇಶನ ಮಂಟಪದಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಯಾರು ಕೇಳಲಿ ಬಿಡಲಿ ತೆಗೆಯುತ್ತಿದ್ದವನು ಆವತ್ತು ಮೊದಲು ತಿರುಗಿ ನೋಡಿದೆ. ಕಂಡಕ್ಟರ್ ಎರಡು ಮಾರು ದೂರದಲ್ಲಿ ನಿಂತಿದ್ದ. ಬೇರೆ ಏನಾದರೂ ಹೇಳಬಹುದಿತ್ತು. ಆದರೆ ಆ ದಿನ ಹೇಳಿದ ಮಾತನ್ನೇ ಹೇಳದಿದ್ದರೆ ಮೇಡಂ ನಂಬುತ್ತಿರಲಿಲ್ಲ.

“ಹ್ಹೂಂ... ಬರೋಬರ್ ಅದಾವ್ರಿ ಮೇಡಂ,” ಎಂದೆ. “ಐದಕ್ಕ ಐದೂ ಫ್ರಿಜ್‌ನ್ಯಾಗ ಅದಾವ. ಏನ್ ಮಾಡೂದ್ರಿ, ನಮ್ಮೂರ ನಾಯಿ ಬಾಳ ಸಭ್ಯ ಅದಾವ.”

ಕೋಣೆಯಲ್ಲಿ ಒಬ್ಬಳೇ ನಕ್ಕಳು. “ಅಪ್ಪಾ! ಕಂಪೌಂಡರ್ ಕಾಕಾ!” ಎಂದು ಆ ಹುಡುಗಿ ತಂದೆಯ ಕೈ ಜಗ್ಗಿ, ಬಾಗಿಲ ಕಡೆ ನೋಡಿ, ಮತ್ತೆ ನನ್ನ ಕಡೆ ನೋಡಿ, ಬಟ್ಟೆ ಸುತ್ತಿದ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕಳು. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಆ ದನಿ ತೆಗೆದದ್ದು ಇನ್ನೊಮ್ಮೆ ಇಲ್ಲ. ಅವಳ ತಂದೆ ಫೋನನ್ನು ಜೇಬಿನಲ್ಲಿಟ್ಟು ಗುಂಡಿ ಹಾಕಿಕೊಂಡ.

ಸ್ಪೀಕರಿನಲ್ಲಿ ಕಡತ ಮುಚ್ಚಿದ ಸದ್ದು ಕೇಳಿತು. ಆಮೇಲೆ ಮೇಡಂ ಹೇಳಿದರು: “ಸೊನ್ನಿ ಹಾಕು. ಈಗಽ. ನಾ ಇಲ್ಲೆ ನೋಡಾಕತ್ತೇನಿ.”

ನಾನು ಕೂತೆ. ಪಾಸ್‌ವರ್ಡ್ ಎರಡು ಸಲ ತಪ್ಪಾಯಿತು. ಒಳಗೆ ಹೋಗಿ ಐದನ್ನು ಅಳಿಸಿ ಸೊನ್ನೆ ಒತ್ತಿದೆ. ಪುಟ ಉಳಿಸುವ ಚಕ್ರ ತಿರುಗಿತು, ತಿರುಗಿತು, ನಿಂತಿತು, ನೆಟ್ ಹೋಯಿತು. ಸಾಹೇಬರು ತಮ್ಮ ಮೊಬೈಲಿನಿಂದ ನೆಟ್ ಹಚ್ಚಿಕೊಟ್ಟರು. ಎರಡು ಇಪ್ಪತ್ತಾಯಿತು, ಎರಡೂವರೆಯಾಯಿತು. ಕಂಡಕ್ಟರ್ ನನ್ನ ಕುರ್ಚಿಯ ಹಿಂದೆಯೇ ಬಂದು ನಿಂತ. ಅವನ ಉಸಿರು ನನ್ನ ಕಿವಿಗೆ ತಾಗುತ್ತಿತ್ತು. ಕಡೆಗೊಮ್ಮೆ ಸಾಲು ಕೆಂಪಾಯಿತು. ಎರಡು ವರ್ಷ ಯಾವುದನ್ನು ತಪ್ಪಿಸಲು ಇಡೀ ಕಚೇರಿ ಒದ್ದಾಡಿತ್ತೋ ಆ ಕೆಂಪು.

“ಬಂತು,” ಎಂದರು ಮೇಡಂ. “ಗಾಡಿಗಿ ಹೇಳ್ತೀನಿ.”

ಐದೂವರೆಗೆ ಐಸ್ ಡಬ್ಬಿ ಬಂದಿತು. ತಾಲೂಕಾ ಆಸ್ಪತ್ರೆಯಲ್ಲಿ ಮೊದಲ ಚುಚ್ಚುಮದ್ದು ಹಾಕಿದರು. ಹುಡುಗಿ ಈಗ ನಗಲಿಲ್ಲ, ಊರಿಗೆಲ್ಲ ಕೇಳುವಂತೆ ಅತ್ತಳು. ಡಾಕ್ಟರರು ಕಂಡಕ್ಟರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಎರಡು ದಿನ ತಡವಾಗಿದೆ. ತಡವಾದರೂ ಹಾಕಿದ್ದು ಒಳ್ಳೆಯದಾಯಿತು. ಗಾಯ ತೊಳೆದದ್ದು ಒಳ್ಳೆಯದಾಯಿತು. ಇನ್ನೂ ನಾಲ್ಕು ಸಲ ತಪ್ಪದೇ ಬನ್ನಿ. ಆದರೂ ಮೂರು ತಿಂಗಳು ಕಣ್ಣಿಟ್ಟಿರಿ. ನಾನು ಆಸ್ಪತ್ರೆಯ ಕಂಬದ ಹಿಂದೆ ನಿಂತು ಕೇಳಿಸಿಕೊಂಡೆ. ಮೂರು ತಿಂಗಳು ಎಂದಾಗ ಅವನು ಬೆರಳಲ್ಲಿ ತಿಂಗಳು ಎಣಿಸಿದ್ದು ಕಂಡಿತು.

ಮರುದಿನ ಬಸ್ಸು ಹತ್ತಿ ಆ ಕಂಪೌಂಡರ ಹತ್ತಿರ ಹೋದೆ. ಅವರಿಗೆ ಸುದ್ದಿ ಮುಟ್ಟಿತ್ತು. ಬೈಗುಳಕ್ಕೆ ಬೆನ್ನು ಸಜ್ಜು ಮಾಡಿಕೊಂಡು ಹೋಗಿದ್ದೆ. ಅವರು ಮಾತ್ರೆ ಎಣಿಸುತ್ತಲೇ, “ನಮ್ಮೂರ ನಾಯಿ ಸಭ್ಯ ಅದಾವಂತ ಅಂದೇನು?” ಎಂದು ಕೇಳಿದರು. ಹೌದ್ರಿ ಎಂದೆ. “ಮೂರ ಚೀಟಿನ್ಯಾಗ ಜರೂರ್ ಬೇಕು ಅಂತ ಬರದಿದ್ದೆ. ಅದನ್ನ ನನ್ನ ದನಿಲೆ ಓದಿ ಹೇಳಬೇಕಿತ್ತು ನೀನು.” ಅಷ್ಟೇ. ಕೂಡು ಎನ್ನಲಿಲ್ಲ. ಅವರ ಮನೆಯ ಚಹಾ ಕುಡಿಯದೆ ಆ ಊರಿಂದ ಹಿಂದಿರುಗಿದ್ದು ಅದೇ ಮೊದಲು.

ಆ ತಿಂಗಳ ಕೊನೆಗೆ ಚೀಟಿಯಲ್ಲಿ ‘ಇಲ್ಲ’ ಇದ್ದ ಕಡೆಯೆಲ್ಲ ಸೊನ್ನೆ ತುಂಬಿದೆ. ಯಾರನ್ನೂ ಕೇಳಲಿಲ್ಲ. ನಮ್ಮ ತಾಲೂಕಿನ ಪುಟ ಮೆಣಸಿನಕಾಯಿ ಒಣಹಾಕಿದ ಅಂಗಳದ ಹಾಗೆ ಕಂಡಿತು. ಇಡೀ ದಿನ ಫೋನು. ಕಾಕಾ ಮೂರು ಪ್ರತಿ ಬರೆದು ಬರೆದು ಕೈ ಜಾಡಿಸುತ್ತ, “ನಿನ್ನ ಸಲುವಾಗಿ ನನ್ನ ಬೆರಳ ಸವದು ಹೋದ್ವು ನೋಡಲೇ” ಎಂದರು. ಆದರೆ ಐದು ಹಾಕು ಎನ್ನಲಿಲ್ಲ. ಆಮೇಲೆ ಯಾವತ್ತೂ ಎನ್ನಲಿಲ್ಲ. ಕೆಂಪಾದ ಕೆಲವು ಕಡೆಗೆ ಹದಿನೈದು ದಿನದೊಳಗೆ ಮಾಲು ಬಂದಿತು, ಕೆಲವು ಕಡೆಗೆ ಬರಲಿಲ್ಲ. ಬರದ ಕಡೆ ಜನರಿಗೆ ಬರುವುದಿಲ್ಲ ಎಂದಾದರೂ ತಿಳಿಯುತ್ತಿತ್ತು. ಅಷ್ಟು ತಿಳಿದಿದ್ದರೆ ಒಬ್ಬ ಕಂಡಕ್ಟರ್ ಶನಿವಾರವೇ ತನ್ನ ಅತ್ತೆಯ ಮಾತು ಕೇಳುತ್ತಿದ್ದ. ಮಾರ್ಚಿನಲ್ಲಿ ನನ್ನ ಗುತ್ತಿಗೆ ಮುಗಿಯಿತು, ಮುಂದುವರಿಸಲಿಲ್ಲ. ಅದು ಸರಿಯಾದದ್ದೇ.

ಆದರೆ ಮಾರ್ಚಿಗೆ ಇನ್ನೂ ದಿನಗಳಿದ್ದವು, ಮತ್ತು ಆ ಮೂರು ತಿಂಗಳನ್ನು ನಾನೂ ಎಣಿಸುತ್ತಿದ್ದೆ. ಚುಚ್ಚುಮದ್ದಿನ ರಿಜಿಸ್ಟರಿನಲ್ಲಿ ಅವನ ನಂಬರು ಇತ್ತು. ಮೊದಲ ತಿಂಗಳು ಫೋನು ಮಾಡಿ ನಾನು ಯಾರೆಂದು ಹೇಳಿದ ಕೂಡಲೇ ಇಟ್ಟುಬಿಟ್ಟ. ಎರಡನೇ ತಿಂಗಳು, “ಆರಾಮ ಅದಾಳ” ಎಂದು ಇಟ್ಟ. ನಡುವೆ ಎಷ್ಟೋ ಸಲ ಅವಳು ನೀರಿಗೆ ಹೆದರುವುದು, ಗಂಟಲು ಹಿಡಿದುಕೊಳ್ಳುವುದು ನನ್ನ ಕಣ್ಣಿಗೆ ಬಂದಿದೆ. ಆ ಭಿತ್ತಿಪತ್ರದ ಅಷ್ಟೂ ಚಿತ್ರಗಳು ಅವಳ ಮುಖ ಹಚ್ಚಿಕೊಂಡು ಬರುತ್ತಿದ್ದವು. ಯಾರಾದರೂ ದನಿ ತೆಗಿ ಎಂದರೆ ಗಂಟಲು ಸರಿಯಿಲ್ಲ ಎನ್ನುತ್ತಿದ್ದೆ.

ಮೂರು ತಿಂಗಳು ತುಂಬಿ ನಾಲ್ಕು ದಿನವಾದ ಮೇಲೆ ಮತ್ತೆ ಹಚ್ಚಿದೆ. ಹಿಂದೆ ಬಸ್ಸಿನ ಇಂಜಿನ್ನು ಗುರುಗುಡುತ್ತಿತ್ತು. ಅವನ ಊರಿನಲ್ಲೇ, ದವಾಖಾನೆಯ ಹತ್ತಿರ, ಬಸ್ಸು ಹತ್ತು ನಿಮಿಷ ನಿಲ್ಲುವ ಹೊತ್ತು ಅದು.

“ಮಗಳು ಹೆಂಗದಾಳ್ರಿ?”

“ಸಾಲಿಗಿ ಹೋಗ್ಯಾಳ.”

ನಾನು ಏನೋ ಹೇಳಲು ಹೋದೆ. ಅವನು ನಡುವೆಯೇ ಕೇಳಿದ: “ನಮ್ಮೂರ ದವಾಖಾನಿನ್ಯಾಗ ಈಗ ಎಷ್ಟ ಅದಾವ?”

ಪುಟ ನನ್ನ ಮುಂದೆಯೇ ತೆರೆದಿತ್ತು, ಚೀಟಿಯೂ ಪಕ್ಕದಲ್ಲಿತ್ತು. “ಮೂರ ಅದಾವ್ರಿ,” ಎಂದೆ.

“ಇಡಬ್ಯಾಡ. ತಡಿ.”

ಫೋನು ಕೈಯಲ್ಲೇ ಹಿಡಿದು ಅವನು ಬಸ್ಸಿನಿಂದ ಇಳಿದ. ಮಣ್ಣಿನ ಮೇಲೆ ಬೂಟಿನ ಸದ್ದು ಕೇಳುತ್ತಿತ್ತು. ಯಾರೋ ‘ಜೈ ಭೀಮ್’ ಎಂದರು, ಇವನೂ ಎಂದ. ಆಮೇಲೆ ಕಂಪೌಂಡರ ‘ಹ್ಹೂಂ’. ಬೀಗದ ಕೈಗೊಂಚಲು. ಫ್ರಿಜ್ಜಿನ ಬಾಗಿಲ ರಬ್ಬರು ಬಿಟ್ಟ ಸದ್ದು. ಗಾಜು ಗಾಜಿಗೆ ತಾಗಿದ್ದು ಒಮ್ಮೆ, ಇನ್ನೊಮ್ಮೆ.

“ಮೂರ ಅದಾವ,” ಎಂದ, ಮತ್ತು ಫೋನು ಇಟ್ಟ.